ಪೆನ್ ಡ್ರೈವ್‌ನಿಂದಲೇ ತಂತ್ರಾಂಶ: ಇನ್‌ಸ್ಟಾಲ್ ಮಾಡದೆ ಬಳಸುವ ಬಗೆ

ಕಾಲೇಜಿನ ಪ್ರಯೋಗಾಲಯ, ಗ್ರಂಥಾಲಯ, ಕಚೇರಿ, ಮನೆ ಎಂದು ದಿನಕ್ಕೆ ಎರಡು ಮೂರು ಕಂಪ್ಯೂಟರ್‌ಗಳ ಮುಂದೆ ಕೂರಬೇಕಾದವರು ತಮ್ಮ ಕಡತಗಳನ್ನು ಪೆನ್ ಡ್ರೈವ್‌ನಲ್ಲಿ ಒಯ್ಯುವುದು ಹಳೆಯ ರೂಢಿ. ಕಡತವೇನೋ ಜೊತೆಗೆ ಬರುತ್ತದೆ; ಅದನ್ನು ತೆರೆಯುವ ತಂತ್ರಾಂಶ ಅಲ್ಲಿ ಇರುವುದಿಲ್ಲ, ಇದ್ದರೂ ಹಳೆಯ ಆವೃತ್ತಿಯಾಗಿರುತ್ತದೆ, ಹೊಸದನ್ನು ಇನ್‌ಸ್ಟಾಲ್ ಮಾಡೋಣವೆಂದರೆ ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಕೇಳುತ್ತದೆ. ಕಡತದ ಜೊತೆಗೆ ತಂತ್ರಾಂಶವನ್ನೂ ಅದರ ಸೆಟ್ಟಿಂಗ್‌ಗಳನ್ನೂ ಒಂದೇ ಡ್ರೈವ್‌ನಲ್ಲಿ ಇಟ್ಟುಕೊಳ್ಳುವುದು ಇದಕ್ಕೆ ಪರಿಹಾರ. ಈ ಲೇಖನ ಮುಖ್ಯವಾಗಿ ವಿಂಡೋಸ್ ಬಳಸುವವರಿಗಾಗಿ. ಲಿನಕ್ಸ್ ಮತ್ತು ಮ್ಯಾಕ್ ವಿಚಾರ ಅಲ್ಲಲ್ಲಿ ಬರುತ್ತದೆ.

ಯಾವುದು ನಿಜವಾಗಿ ಪೋರ್ಟಬಲ್

ವಿಂಡೋಸ್‌ನಲ್ಲಿ ಒಂದು ತಂತ್ರಾಂಶವನ್ನು ಇನ್‌ಸ್ಟಾಲ್ ಮಾಡಿದಾಗ ಅದು ಒಂದೇ ಜಾಗದಲ್ಲಿ ನೆಲೆಸುವುದಿಲ್ಲ. ಮುಖ್ಯ ಕಡತಗಳು ಪ್ರೋಗ್ರಾಂ ಫೈಲ್ಸ್ ಫೋಲ್ಡರ್‌ಗೆ ಹೋಗುತ್ತವೆ, ಬಳಕೆದಾರರ ಸೆಟ್ಟಿಂಗ್‌ಗಳು ಆ್ಯಪ್‌ಡೇಟಾ ಫೋಲ್ಡರ್‌ನಲ್ಲಿ ಕೂರುತ್ತವೆ, ಇನ್ನಷ್ಟು ಮಾಹಿತಿ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ರಿಜಿಸ್ಟ್ರಿಯಲ್ಲಿ ದಾಖಲಾಗುತ್ತದೆ. ಆದ್ದರಿಂದ ಪ್ರೋಗ್ರಾಂ ಫೈಲ್ಸ್‌ನಲ್ಲಿರುವ ಫೋಲ್ಡರ್ ಒಂದನ್ನೇ ಪೆನ್ ಡ್ರೈವ್‌ಗೆ ನಕಲು ಮಾಡಿಕೊಂಡರೆ ಕೆಲವು ತಂತ್ರಾಂಶಗಳು ತೆರೆದುಕೊಳ್ಳುತ್ತವೆ ನಿಜ, ಆದರೆ ನೀವು ಮಾಡಿದ ಬದಲಾವಣೆಗಳೆಲ್ಲ ಆಯಾ ಕಂಪ್ಯೂಟರ್‌ನಲ್ಲಿಯೇ ಉಳಿದುಬಿಡುತ್ತವೆ. ಡ್ರೈವ್‌ನಿಂದ ತೆರೆದುಕೊಂಡ ಮಾತ್ರಕ್ಕೆ ಒಂದು ತಂತ್ರಾಂಶ ಪೋರ್ಟಬಲ್ ಆಗುವುದಿಲ್ಲ. ಅದು ಬರೆಯುವುದನ್ನೆಲ್ಲ ತನ್ನ ಫೋಲ್ಡರ್ ಒಳಗೇ ಬರೆದುಕೊಳ್ಳಬೇಕು. ಮುಂದೆ ಹೇಳುವ ಬಹುಪಾಲು ಎಚ್ಚರಿಕೆಗಳು ಈ ಒಂದು ಗುಣದಿಂದಲೇ ಹುಟ್ಟುತ್ತವೆ.

ಇದನ್ನು ಪರೀಕ್ಷಿಸುವುದು ಕಷ್ಟವಲ್ಲ. ತಂತ್ರಾಂಶವನ್ನು ಡ್ರೈವ್‌ನಿಂದ ತೆರೆದು, ಕಣ್ಣಿಗೆ ಕಾಣುವಂಥ ಒಂದು ಸೆಟ್ಟಿಂಗ್ ಬದಲಿಸಿ, ಮುಚ್ಚಿ. ಬಳಿಕ ಅದರ ಫೋಲ್ಡರ್‌ನಲ್ಲಿ ಕಡತಗಳನ್ನು ಮಾರ್ಪಾಡಾದ ದಿನಾಂಕದ ಪ್ರಕಾರ ಜೋಡಿಸಿದರೆ, ಆಗಷ್ಟೇ ಬದಲಾದ ಒಂದು ಕಡತವಾದರೂ ಮೇಲೆ ಕಾಣಬೇಕು. ಅನಂತರ ವಿಂಡೋಸ್ ಕೀಲಿಯನ್ನೂ ಆರ್ ಕೀಲಿಯನ್ನೂ ಒಟ್ಟಿಗೆ ಒತ್ತಿ, ತೆರೆದ ರನ್ ಪೆಟ್ಟಿಗೆಯಲ್ಲಿ ಎರಡು ಶೇಕಡಾ ಚಿಹ್ನೆಗಳ ನಡುವೆ ಆ್ಯಪ್‌ಡೇಟಾ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. ಅಲ್ಲಿ ಆ ತಂತ್ರಾಂಶದ ಹೆಸರಿನಲ್ಲಿ ಹೊಸ ಫೋಲ್ಡರ್ ಹುಟ್ಟಿದ್ದರೆ ಅದು ಅರ್ಧ ಮಾತ್ರ ಪೋರ್ಟಬಲ್ ಎಂದು ತಿಳಿಯಬಹುದು.

ಎರಡನೆಯ ಪರೀಕ್ಷೆ ಡ್ರೈವ್ ಅಕ್ಷರದ್ದು. ಒಂದು ಕಂಪ್ಯೂಟರ್‌ನಲ್ಲಿ ಇ ಎಂದು ಕಾಣುವ ಪೆನ್ ಡ್ರೈವ್ ಇನ್ನೊಂದರಲ್ಲಿ ಜಿ ಎಂದು ಕಾಣಬಹುದು. ಕಡತದ ದಾರಿಯನ್ನು ಡ್ರೈವ್ ಅಕ್ಷರದ ಸಮೇತ ನೆನಪಿಟ್ಟುಕೊಳ್ಳುವ ತಂತ್ರಾಂಶ ಆಗ ತಬ್ಬಿಬ್ಬಾಗುತ್ತದೆ. ತಾನಿರುವ ಫೋಲ್ಡರ್‌ನಿಂದ ದಾರಿಯನ್ನು ಎಣಿಸುವ ತಂತ್ರಾಂಶಕ್ಕೆ ಇದರ ಗೊಡವೆಯೇ ಇಲ್ಲ. ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಅಕ್ಷರವನ್ನು ಬದಲಿಸಿ ತಂತ್ರಾಂಶವನ್ನು ಮತ್ತೆ ತೆರೆದು ನೋಡಿದರೆ ಉತ್ತರ ಸಿಗುತ್ತದೆ.

ಕೆಲವನ್ನು ಈ ರೀತಿ ಒಯ್ಯಲು ಪ್ರಯತ್ನಿಸುವುದೇ ವ್ಯರ್ಥ. ಸದಾ ಕಾವಲು ಕಾಯುವ ಆ್ಯಂಟಿವೈರಸ್, ಪ್ರಿಂಟರ್ ಡ್ರೈವರ್, ತನ್ನದೇ ಡ್ರೈವರ್ ಬೇಡುವ ವಿಪಿಎನ್ ಇವೆಲ್ಲ ವಿಂಡೋಸ್‌ನ ಒಳಪದರದಲ್ಲಿ ಕೂರಬೇಕಾದವು. ಪರವಾನಗಿಯನ್ನು ಒಂದು ಕಂಪ್ಯೂಟರ್‌ಗೆ ಕಟ್ಟಿಹಾಕುವ ಹಣ ತೆತ್ತು ಕೊಂಡ ತಂತ್ರಾಂಶಗಳೂ ಹಾಗೆಯೇ. ಇಂಥವುಗಳ ‘ಪೋರ್ಟಬಲ್’ ಆವೃತ್ತಿ ಎಲ್ಲಿಯಾದರೂ ಪುಕ್ಕಟೆಯಾಗಿ ಕಂಡರೆ ಅದು ಕದ್ದ ಮಾಲು ಎಂದೇ ಭಾವಿಸಿ ದೂರವಿರುವುದು ಕ್ಷೇಮ. ಅದರೊಳಗೆ ಇನ್ನೇನನ್ನು ತುಂಬಿದ್ದಾರೆ ಎಂಬುದು ತುಂಬಿದವರಿಗೇ ಗೊತ್ತು.

ಡ್ರೈವ್‌ನ ಆಯ್ಕೆ

ಯುಎಸ್‌ಬಿ 2.0 ಸೆಕೆಂಡಿಗೆ 480 ಮೆಗಾಬಿಟ್ ವೇಗದ್ದು. 2008ರಲ್ಲಿ ಬಂದ ಯುಎಸ್‌ಬಿ 3.0 ಸೆಕೆಂಡಿಗೆ 5 ಗಿಗಾಬಿಟ್‌ನದು. ಡಬ್ಬಿಯ ಮೇಲೆ ಅಚ್ಚಾಗಿರುವ ಇಂಥ ಸಂಖ್ಯೆ ಕೊಂಡಿಯ ಮಿತಿಯನ್ನು ಹೇಳುತ್ತದೆಯೇ ಹೊರತು ಒಳಗಿನ ಫ್ಲ್ಯಾಷ್ ಚಿಪ್‌ನ ವೇಗವನ್ನಲ್ಲ. ಒಂದು ಚಲನಚಿತ್ರವನ್ನು ಸರಾಗವಾಗಿ ನಕಲು ಮಾಡುವ ಪೆನ್ ಡ್ರೈವ್, ಬ್ರೌಸರ್ ಒಂದು ಕ್ಷಣಕ್ಷಣಕ್ಕೂ ಬರೆಯುವ ಪುಟ್ಟ ಪುಟ್ಟ ತುಣುಕುಗಳನ್ನು ನುಂಗಲಾರದೆ ತೆವಳುವುದುಂಟು. ತಂತ್ರಾಂಶ ನಡೆಸಲು ಬೇಕಾದದ್ದು ಈ ಎರಡನೆಯ ಬಗೆಯ ವೇಗ. ಆದ್ದರಿಂದ ಡ್ರೈವ್ ಕೊಳ್ಳುವಾಗ ಸಣ್ಣ ಕಡತಗಳನ್ನು ಓದಿ ಬರೆಯುವ ವೇಗವನ್ನು ಅಳೆದು ತೋರಿಸಿದ ವಿಮರ್ಶೆಗಳನ್ನು ನೋಡಬೇಕು. ಕಚೇರಿ ಕೆಲಸದ ದೊಡ್ಡ ತಂತ್ರಾಂಶಗಳನ್ನು ದಿನವೂ ಬಳಸುವುದಾದರೆ, ಪೆನ್ ಡ್ರೈವ್ ಬದಲು ಅಂಗೈಯಲ್ಲಿ ಹಿಡಿಯುವ ಬಾಹ್ಯ ಎಸ್‌ಎಸ್‌ಡಿಯನ್ನೇ (ಫ್ಲ್ಯಾಷ್ ಚಿಪ್‌ಗಳ ವೇಗದ ಡಿಸ್ಕ್) ಕೊಳ್ಳುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಹೊಸ ಡ್ರೈವ್ ಕೈಗೆ ಬಂದ ಕೂಡಲೇ, ಏನನ್ನೂ ತುಂಬುವ ಮೊದಲು, ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಸಣ್ಣ ತಂತ್ರಾಂಶದಿಂದ ಅದರ ನಿಜವಾದ ಧಾರಣಶಕ್ತಿಯನ್ನು ಪರೀಕ್ಷಿಸಬೇಕು. ಅದು ಡ್ರೈವ್‌ನ ತುಂಬ ಮಾಹಿತಿ ಬರೆದು, ಬರೆದದ್ದನ್ನು ಮರಳಿ ಓದಿ ತಾಳೆ ನೋಡುತ್ತದೆ. ದೊಡ್ಡ ಡ್ರೈವ್‌ಗೆ ಗಂಟೆಗಟ್ಟಲೆ ಹಿಡಿಯಬಹುದು, ಆದರೂ ಬಿಡಬಾರದು. ಹೆಚ್ಚಿನ ಸಾಮರ್ಥ್ಯವಿದೆಯೆಂದು ಸುಳ್ಳು ಹೇಳುವ ನಕಲಿ ಡ್ರೈವ್‌ಗಳು ಸಿಕ್ಕಿಬೀಳುವುದು ಹೀಗೆಯೇ. 64 ಜಿಬಿ ಎಂದು ಮಾರಿದ ಡ್ರೈವ್ ವಿಂಡೋಸ್‌ನಲ್ಲಿ ಸುಮಾರು 59.6 ಜಿಬಿ ಎಂದು ಕಂಡರೆ ಅದು ಮೋಸವಲ್ಲ: ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ.

ಫಾರ್ಮ್ಯಾಟ್ ಮಾಡುವಾಗ

ಹೆಚ್ಚಿನವರು ಈ ಹೆಜ್ಜೆಯನ್ನು ಹಾರಿಸಿಬಿಡುತ್ತಾರೆ, ಆಮೇಲೆ ಡ್ರೈವ್ ಬೇಗ ತುಂಬಿಹೋಯಿತೆಂದು ದೂರುತ್ತಾರೆ. ಕಡತಗಳನ್ನು ಡ್ರೈವ್‌ನಲ್ಲಿ ಜೋಡಿಸಿಡುವ ವ್ಯವಸ್ಥೆಗೆ, ಅಂದರೆ ಫೈಲ್ ಸಿಸ್ಟಮ್‌ಗೆ, ಆಯ್ಕೆಗಳು ಮೂರು. ಫ್ಯಾಟ್32 ಎಲ್ಲ ಕಂಪ್ಯೂಟರ್‌ಗಳಿಗೂ ಪರಿಚಿತ, ಆದರೆ 4 ಜಿಬಿಗಿಂತ ದೊಡ್ಡ ಒಂಟಿ ಕಡತವನ್ನು ಇಟ್ಟುಕೊಳ್ಳಲಾರದು. 2006ರಲ್ಲಿ ಬಂದ ಎಕ್ಸ್‌ಫ್ಯಾಟ್‌ಗೆ ಆ ಮಿತಿಯಿಲ್ಲ, ವಿಂಡೋಸ್ ಮತ್ತು ಮ್ಯಾಕ್ ಎರಡರಲ್ಲೂ ಓದಿ ಬರೆಯಬಹುದು. ಎನ್‌ಟಿಎಫ್‌ಎಸ್ ವಿಂಡೋಸ್‌ನದೇ ವ್ಯವಸ್ಥೆ. ಮಾಡುವ ಬದಲಾವಣೆಗಳ ದಿನಚರಿಯನ್ನು ಇಟ್ಟುಕೊಳ್ಳುವುದರಿಂದ ನಡುವೆ ವಿದ್ಯುತ್ ಹೋದರೂ ಫೋಲ್ಡರ್‌ಗಳ ರಚನೆ ಕೆಡುವ ಸಂಭವ ಕಡಿಮೆ. ಆದರೆ ಮ್ಯಾಕ್ ಅದನ್ನು ಓದುತ್ತದೆಯಷ್ಟೆ, ಹೆಚ್ಚುವರಿ ತಂತ್ರಾಂಶವಿಲ್ಲದೆ ಅದಕ್ಕೆ ಬರೆಯುವುದಿಲ್ಲ.

ಇದರ ಜೊತೆಗೆ ಅಲೊಕೇಶನ್ ಯೂನಿಟ್ ಸೈಜ್ ಎಂಬ ಇನ್ನೊಂದು ಆಯ್ಕೆ ಇದೆ. ಡ್ರೈವ್ ತನ್ನ ಜಾಗವನ್ನು ಸಮಾನ ಗಾತ್ರದ ಖಾನೆಗಳಾಗಿ ವಿಂಗಡಿಸಿಕೊಂಡಿರುತ್ತದೆ, ಮತ್ತು ಎಷ್ಟೇ ಚಿಕ್ಕ ಕಡತವಾದರೂ ಅದಕ್ಕೆ ಕನಿಷ್ಠ ಒಂದು ಖಾನೆ ಮೀಸಲಾಗುತ್ತದೆ. 32 ಜಿಬಿಗಿಂತ ದೊಡ್ಡ ಡ್ರೈವ್ ಅನ್ನು ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿದಾಗ ವಿಂಡೋಸ್ ತಾನಾಗಿ ಆರಿಸುವ ಖಾನೆಯ ಗಾತ್ರ 128 ಕೆಬಿ. ಪೋರ್ಟಬಲ್ ತಂತ್ರಾಂಶವೊಂದರಲ್ಲಿ ಒಂದೊಂದು ಕೆಬಿಯ 5000 ಕಡತಗಳಿವೆ ಎಂದುಕೊಳ್ಳಿ. ನಿಜವಾದ ಗಾತ್ರ ಸುಮಾರು 5 ಎಂಬಿ, ಹಿಡಿಯುವ ಜಾಗ ಮಾತ್ರ 625 ಎಂಬಿ. ಅದೇ ಖಾನೆ 4 ಕೆಬಿಯದಾಗಿದ್ದರೆ ಸುಮಾರು 20 ಎಂಬಿ ಸಾಕು. ಚಿತ್ರ, ವಿಡಿಯೋಗಳಿಗೆ ಈ ಲೆಕ್ಕ ಮುಖ್ಯವಲ್ಲ, ಸಾವಿರಾರು ಚಿಲ್ಲರೆ ಕಡತಗಳಿರುವ ತಂತ್ರಾಂಶಗಳಿಗೆ ಬಹಳ ಮುಖ್ಯ.

ಹಾಗಾಗಿ ವಿಂಡೋಸ್ ಬಿಟ್ಟು ಬೇರೆಲ್ಲೂ ಬಳಸದ ಡ್ರೈವ್ ಆದರೆ ಎನ್‌ಟಿಎಫ್‌ಎಸ್ ಅನ್ನು ಅದರ ಡೀಫಾಲ್ಟ್ ಗಾತ್ರದಲ್ಲೇ ಆರಿಸಿ. ಮ್ಯಾಕ್‌ಗೂ ಒಯ್ಯಬೇಕಾದರೆ ಎಕ್ಸ್‌ಫ್ಯಾಟ್ ಆರಿಸಿ, ಖಾನೆಯ ಗಾತ್ರವನ್ನು ನೀವೇ 32 ಕೆಬಿಗೆ ಅಥವಾ ಅದಕ್ಕೂ ಕಡಿಮೆಗೆ ಇಳಿಸಿ. ದಿಸ್ ಪಿಸಿಯಲ್ಲಿ ಡ್ರೈವ್ ಮೇಲೆ ಬಲ ಕ್ಲಿಕ್ ಮಾಡಿ ಫಾರ್ಮ್ಯಾಟ್ ಎಂಬುದನ್ನು ಆರಿಸಿದರೆ ಈ ಎರಡೂ ಆಯ್ಕೆಗಳು ಒಂದರ ಕೆಳಗೊಂದು ಕಾಣುತ್ತವೆ. ಫಾರ್ಮ್ಯಾಟ್ ಮಾಡಿದರೆ ಡ್ರೈವ್‌ನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ; ಅಕ್ಷರವನ್ನು ಎರಡು ಸಲ ನೋಡಿಕೊಂಡು ಮುಂದುವರಿಯಿರಿ.

ತಂತ್ರಾಂಶಗಳನ್ನು ತುಂಬುವುದು

ಹೊಸಬರಿಗೆ ಸುಲಭದ ದಾರಿ ಪೋರ್ಟಬಲ್‌ಆ್ಯಪ್ಸ್ ಡಾಟ್ ಕಾಮ್. ಜಾನ್ ಟಿ. ಹಾಲರ್ ಅವರು 2004ರಲ್ಲಿ ಫೈರ್‌ಫಾಕ್ಸ್ ಬ್ರೌಸರನ್ನು ಪೆನ್ ಡ್ರೈವ್‌ನಿಂದ ನಡೆಯುವಂತೆ ಮಾಡಿದ ಪ್ರಯತ್ನದಿಂದ ಬೆಳೆದ ಯೋಜನೆಯಿದು. ಅದರ ಪ್ಲಾಟ್‌ಫಾರ್ಮ್ ಎಂಬ ಕಡತವನ್ನು ಇಳಿಸಿಕೊಂಡು ನಡೆಸಿ, ಎಲ್ಲಿ ಹಾಕಬೇಕೆಂದು ಕೇಳಿದಾಗ ನಿಮ್ಮ ಡ್ರೈವ್‌ನ ಅಕ್ಷರವನ್ನು ತೋರಿಸಿ. ಮುಗಿದ ಮೇಲೆ ಡ್ರೈವ್‌ನಲ್ಲಿ ಸ್ಟಾರ್ಟ್ ಎಂಬ ಕಡತ, ಡಾಕ್ಯುಮೆಂಟ್ಸ್ ಮತ್ತು ಪೋರ್ಟಬಲ್‌ಆ್ಯಪ್ಸ್ ಎಂಬ ಫೋಲ್ಡರ್‌ಗಳು ಕಾಣುತ್ತವೆ. ಸ್ಟಾರ್ಟ್ ಕಡತವನ್ನು ತೆರೆದರೆ ಬರುವ ಮೆನುವಿನಿಂದಲೇ ಬೇಕಾದ ತಂತ್ರಾಂಶಗಳನ್ನು ಸೇರಿಸಬಹುದು, ನವೀಕರಿಸಲೂಬಹುದು. ಒಂದೊಂದು ತಂತ್ರಾಂಶದ ಫೋಲ್ಡರ್ ಒಳಗೂ ಆ್ಯಪ್ ಮತ್ತು ಡೇಟಾ ಎಂಬ ಎರಡು ಫೋಲ್ಡರ್‌ಗಳು ಇರುತ್ತವೆ: ಮೊದಲನೆಯದರಲ್ಲಿ ತಂತ್ರಾಂಶ, ಎರಡನೆಯದರಲ್ಲಿ ನಿಮ್ಮ ಸೆಟ್ಟಿಂಗ್. ನವೀಕರಣ ಬಂದಾಗ ಮೊದಲನೆಯದು ಬದಲಾಗುತ್ತದೆ, ಎರಡನೆಯದು ಹಾಗೇ ಉಳಿಯುತ್ತದೆ. ಈ ವಿಂಗಡಣೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಎರಡು ಕಡೆ ಇದರ ಪ್ರಯೋಜನವಿದೆ.

ಎರಡನೆಯ ದಾರಿ, ತಯಾರಕರೇ ಜಿಪ್ ರೂಪದಲ್ಲಿ ಕೊಡುವ ಪೋರ್ಟಬಲ್ ಆವೃತ್ತಿ. ಕೀಪಾಸ್, ಸುಮಾತ್ರಾಪಿಡಿಎಫ್, ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಮೊದಲಾದವು ಹೀಗೆ ಸಿಗುತ್ತವೆ. ಜಿಪ್ ಕಡತದ ಮೇಲೆ ಎರಡು ಬಾರಿ ಕ್ಲಿಕ್ ಮಾಡಿ ಒಳಗಿನಿಂದಲೇ ತಂತ್ರಾಂಶವನ್ನು ನಡೆಸಬಾರದು. ಹಾಗೆ ಮಾಡಿದರೆ ವಿಂಡೋಸ್ ಅದನ್ನು ತನ್ನ ತಾತ್ಕಾಲಿಕ ಫೋಲ್ಡರ್‌ಗೆ ಬಿಡಿಸಿಕೊಂಡು ಅಲ್ಲಿಂದ ನಡೆಸುತ್ತದೆ, ಸೆಟ್ಟಿಂಗ್‌ಗಳೂ ಅಲ್ಲಿಯೇ ಉಳಿದು ಕಳೆದುಹೋಗುತ್ತವೆ. ಮೊದಲು ಜಿಪ್ ಕಡತದ ಪ್ರಾಪರ್ಟೀಸ್ ತೆರೆದು, ಅನ್‌ಬ್ಲಾಕ್ ಎಂಬ ಚೌಕವಿದ್ದರೆ ಗುರುತು ಹಾಕಿ, ಆಮೇಲೆ ಪೂರ್ತಿಯಾಗಿ ಕಂಪ್ಯೂಟರ್‌ನ ಡಿಸ್ಕ್‌ಗೆ ಬಿಡಿಸಿ, ಬಳಿಕ ಆ ಫೋಲ್ಡರನ್ನು ಪೆನ್ ಡ್ರೈವ್‌ಗೆ ನಕಲಿಸಿ.

ಇನ್ನು ಕೆಲವು ತಂತ್ರಾಂಶಗಳು ಚಿಕ್ಕದೊಂದು ಸಂಕೇತ ಕೊಟ್ಟರೆ ಪೋರ್ಟಬಲ್ ಆಗುತ್ತವೆ. ಪ್ರೋಗ್ರಾಂ ಬರೆಯುವವರು ಬಳಸುವ ವಿಷುವಲ್ ಸ್ಟುಡಿಯೋ ಕೋಡ್‌ನ ಜಿಪ್ ಆವೃತ್ತಿಯನ್ನು ಬಿಡಿಸಿದ ಫೋಲ್ಡರ್‌ನಲ್ಲಿ ಡೇಟಾ ಎಂಬ ಹೆಸರಿನ ಖಾಲಿ ಫೋಲ್ಡರ್ ಒಂದನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಸೃಷ್ಟಿಸಿದರೆ, ಅಂದಿನಿಂದ ಅದು ಸೆಟ್ಟಿಂಗ್ ಮತ್ತು ಎಕ್ಸ್‌ಟೆನ್ಶನ್‌ಗಳನ್ನು ಅಲ್ಲಿಯೇ ಇಡುತ್ತದೆ. ಆದರೆ ವಿಂಡೋಸ್‌ನಲ್ಲಿ ಈ ಜಿಪ್ ಆವೃತ್ತಿ ತಾನಾಗಿ ನವೀಕರಣಗೊಳ್ಳುವುದಿಲ್ಲ. ಹೊಸ ಜಿಪ್ ಬಿಡಿಸಿ, ಹಳೆಯ ಡೇಟಾ ಫೋಲ್ಡರನ್ನು ಅದರೊಳಕ್ಕೆ ಸರಿಸಬೇಕು.

ಎಲ್ಲಿಂದ ಇಳಿಸಿಕೊಂಡರೂ ತಯಾರಕರ ಪುಟದಲ್ಲಿ ಎಸ್‌ಎಚ್‌ಎ-256 ಮೌಲ್ಯ (ಕಡತದ ಬೆರಳಚ್ಚಿನಂಥ ಉದ್ದನೆಯ ಸಂಕೇತ) ಕೊಟ್ಟಿದ್ದರೆ ತಾಳೆ ನೋಡಿ. ವಿಂಡೋಸ್‌ನಲ್ಲಿ ಆಜ್ಞೆಗಳನ್ನು ಟೈಪ್ ಮಾಡುವ ಪವರ್‌ಶೆಲ್‌ನಲ್ಲಿ ಗೆಟ್-ಫೈಲ್‌ಹ್ಯಾಷ್ (Get-FileHash) ಎಂಬ ಆಜ್ಞೆಯ ಮುಂದೆ ಕಡತದ ದಾರಿಯನ್ನು ಕೊಟ್ಟರೆ ನಿಮ್ಮ ಕಡತದ ಮೌಲ್ಯ ಬರುತ್ತದೆ. ಎರಡೂ ಅಕ್ಷರಶಃ ಒಂದೇ ಆಗಿರಬೇಕು.

ಮೊದಲಿಗೆ ಬ್ರೌಸರ್, ಲಿಬ್ರೆ ಆಫೀಸ್, ವಿಎಲ್‌ಸಿ, 7-ಜಿಪ್, ಒಂದು ಪಿಡಿಎಫ್ ಓದುಗ, ಒಂದು ಪಾಸ್‌ವರ್ಡ್ ನಿರ್ವಾಹಕ, ಇಷ್ಟು ಸಾಕು. ಮೆನುವಿನಲ್ಲಿ ಕಂಡದ್ದನ್ನೆಲ್ಲ ತುಂಬಿದರೆ ನವೀಕರಿಸುವ ಹೊರೆಯೂ ಅಷ್ಟೇ ಬೆಳೆಯುತ್ತದೆ. ಲಿಬ್ರೆ ಆಫೀಸ್‌ನಲ್ಲಿ ವಿಶೇಷ ಕನ್ನಡ ಫಾಂಟ್ ಬಳಸುವವರು ಫೈಲ್ ಮೆನುವಿನ ಪ್ರಾಪರ್ಟೀಸ್‌ನಲ್ಲಿ ಫಾಂಟನ್ನು ದಸ್ತಾವೇಜಿನೊಳಗೇ ಸೇರಿಸುವ ಆಯ್ಕೆಯನ್ನು ಆನ್ ಮಾಡಿಕೊಳ್ಳಬಹುದು. ಆಗ ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೂ ಪುಟದ ವಿನ್ಯಾಸ ಕೆಡುವುದಿಲ್ಲ.

ಬ್ರೌಸರ್ ಮತ್ತು ಪಾಸ್‌ವರ್ಡ್

ಪೋರ್ಟಬಲ್ ತಂತ್ರಾಂಶಗಳಲ್ಲಿ ಅತಿ ಹೆಚ್ಚು ಯೋಚಿಸಿ ಬಳಸಬೇಕಾದದ್ದು ಬ್ರೌಸರ್. ಕ್ರೋಮ್ ತಾನು ಉಳಿಸಿದ ಪಾಸ್‌ವರ್ಡ್‌ಗಳನ್ನು ವಿಂಡೋಸ್ ಖಾತೆಗೆ ಬೆಸೆದುಕೊಂಡ ಕೀಲಿಯಿಂದ ಗೂಢಲಿಪಿಗೆ ಇಳಿಸುತ್ತದೆ. ಆದ್ದರಿಂದ ಅದರ ಫೋಲ್ಡರನ್ನು ಬೇರೆ ಕಂಪ್ಯೂಟರ್‌ಗೆ ಒಯ್ದರೆ ಆ ಪಾಸ್‌ವರ್ಡ್‌ಗಳು ಅಲ್ಲಿ ತೆರೆದುಕೊಳ್ಳುವುದಿಲ್ಲ. ಫೈರ್‌ಫಾಕ್ಸ್‌ನ ಕ್ರಮ ಬೇರೆ. ಪಾಸ್‌ವರ್ಡ್‌ಗಳೂ ಅವನ್ನು ಬಿಡಿಸುವ ಕೀಲಿಯೂ ಒಂದೇ ಪ್ರೊಫೈಲ್ ಫೋಲ್ಡರ್‌ನಲ್ಲಿ ಇರುವುದರಿಂದ ಎಲ್ಲಿ ಹೋದರೂ ಅವು ನಿಮ್ಮ ಜೊತೆಗೆ ಬರುತ್ತವೆ. ಪೋರ್ಟಬಲ್ ಬಳಕೆಗೆ ಇದು ಅನುಕೂಲ, ಡ್ರೈವ್ ಕಳೆದುಹೋದರೆ ಇದೇ ಅನಾಹುತ: ಬೀಗವನ್ನೂ ಬೀಗದ ಕೈಯನ್ನೂ ಒಂದೇ ಚೀಲದಲ್ಲಿ ಇಟ್ಟಂತೆ. ಫೈರ್‌ಫಾಕ್ಸ್ ಸೆಟ್ಟಿಂಗ್‌ಗಳಲ್ಲಿ ಪ್ರೈಮರಿ ಪಾಸ್‌ವರ್ಡ್ ಹಾಕಿಕೊಂಡರೆ ಆ ಕೀಲಿಗೆ ಇನ್ನೊಂದು ಬೀಗ ಬೀಳುತ್ತದೆ. ಅದನ್ನು ಹಾಕದೆ ಪೆನ್ ಡ್ರೈವ್‌ನ ಫೈರ್‌ಫಾಕ್ಸ್‌ನಲ್ಲಿ ಒಂದೇ ಒಂದು ಪಾಸ್‌ವರ್ಡನ್ನೂ ಉಳಿಸಬೇಡಿ. ಲಾಗಿನ್ ಆಗಿಯೇ ಉಳಿದ ತಾಣಗಳ ಕುಕಿಗಳಿಗೆ (ತಾಣಗಳು ನಿಮ್ಮನ್ನು ಗುರುತಿಸಲು ಬ್ರೌಸರ್‌ನಲ್ಲಿ ಇಡುವ ಪುಟ್ಟ ದಾಖಲೆಗಳು) ಆ ಪಾಸ್‌ವರ್ಡ್‌ನ ರಕ್ಷಣೆ ಇಲ್ಲವೆಂಬುದೂ ನೆನಪಿರಲಿ. ಬ್ರೌಸರ್ ಮುಚ್ಚಿದಾಗ ಕುಕಿಗಳನ್ನು ಅಳಿಸುವ ಆಯ್ಕೆಯನ್ನು ಆರಿಸುವುದು ಉತ್ತಮ.

ಇದಕ್ಕಿಂತ ಭದ್ರವಾದ ಕ್ರಮವೆಂದರೆ ಪಾಸ್‌ವರ್ಡ್‌ಗಳನ್ನು ಕೀಪಾಸ್‌ನಂಥ ನಿರ್ವಾಹಕದಲ್ಲಿ ಇಡುವುದು. ಅದರ ದತ್ತಾಂಶವೆಲ್ಲ ಗೂಢಲಿಪಿಯ ಒಂದೇ ಕಡತದಲ್ಲಿ ಇರುತ್ತದೆ. ಮುಖ್ಯ ಪಾಸ್‌ವರ್ಡ್ ಉದ್ದವಾಗಿದ್ದರೆ ಡ್ರೈವ್ ಕಳೆದುಹೋದರೂ ಕಡತ ಬಾಯಿ ಬಿಡುವುದಿಲ್ಲ.

ಇಡೀ ಡ್ರೈವ್‌ಗೆ ಬೀಗ ಹಾಕುವುದಾದರೆ ವಿಂಡೋಸ್‌ನ ಬಿಟ್‌ಲಾಕರ್ ಟು ಗೋ ಇದೆ. ಬೀಗ ಹಾಕಲು ವಿಂಡೋಸ್‌ನ ಪ್ರೊ ಅಥವಾ ಅದಕ್ಕೂ ಮೇಲಿನ ಆವೃತ್ತಿ ಬೇಕು, ತೆರೆಯಲು ಹೋಮ್ ಆವೃತ್ತಿಯೂ ಸಾಕು. ವೆರಾಕ್ರಿಪ್ಟ್ ಉಚಿತ ಮತ್ತು ಸಮರ್ಥ ತಂತ್ರಾಂಶವಾದರೂ, ಅದನ್ನು ಡ್ರೈವ್‌ನಿಂದ ನಡೆಸಲು ಅಡ್ಮಿನಿಸ್ಟ್ರೇಟರ್ ಹಕ್ಕು ಅಗತ್ಯ. ಆ ಹಕ್ಕು ಇಲ್ಲವೆಂದೇ ನಾವು ಪೋರ್ಟಬಲ್ ದಾರಿ ಹಿಡಿದಿರುವಾಗ ಇದು ಎಷ್ಟೋ ಕಡೆ ಕೈಕೊಡುತ್ತದೆ.

ಗೂಢಲಿಪಿ ಕಾಯುವುದು ಮುಚ್ಚಿಟ್ಟ ಡ್ರೈವ್ ಅನ್ನು ಮಾತ್ರ. ಪರರ ಕಂಪ್ಯೂಟರ್‌ನಲ್ಲಿ ಕೀಲಿಮಣೆಯ ಒತ್ತುಗಳನ್ನು ಕದಿಯುವ ತಂತ್ರಾಂಶ ಇದ್ದರೆ ನೀವು ಟೈಪ್ ಮಾಡುವ ಮುಖ್ಯ ಪಾಸ್‌ವರ್ಡ್ ಕೂಡ ಅದರ ಪಾಲಾಗುತ್ತದೆ. ಹಾಗೆಯೇ ಪೋರ್ಟಬಲ್ ತಂತ್ರಾಂಶ ಬಳಸಿದರೆ ಯಾವ ಕುರುಹೂ ಉಳಿಯುವುದಿಲ್ಲ ಎಂಬ ನಂಬಿಕೆಯೂ ಸರಿಯಲ್ಲ: ಯಾವ ಯುಎಸ್‌ಬಿ ಸಾಧನ ಚುಚ್ಚಲಾಗಿತ್ತು ಎಂಬುದನ್ನು ವಿಂಡೋಸ್ ರಿಜಿಸ್ಟ್ರಿಯಲ್ಲಿ ಬರೆದಿಡುತ್ತದೆ, ಇತ್ತೀಚೆಗೆ ತೆರೆದ ಕಡತಗಳ ಪಟ್ಟಿಯನ್ನೂ ಇಟ್ಟುಕೊಳ್ಳುತ್ತದೆ. ಬ್ಯಾಂಕ್ ವ್ಯವಹಾರದಂಥವನ್ನು ನಂಬಿಕೆಯಿಲ್ಲದ ಯಂತ್ರದಲ್ಲಿ ಮಾಡಲೇಬಾರದು, ತಂತ್ರಾಂಶ ಎಲ್ಲಿಂದ ನಡೆದರೂ ಸರಿ.

ವೈರಸ್ ಮತ್ತು ಅನುಮತಿ

ಯಂತ್ರದಿಂದ ಯಂತ್ರಕ್ಕೆ ಅಲೆಯುವ ಡ್ರೈವ್ ಸೋಂಕನ್ನೂ ಹೊತ್ತು ತರುತ್ತದೆ. 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಎಂಬ ದುಷ್ಟ ತಂತ್ರಾಂಶ ಅಂತರ್ಜಾಲದ ಸಂಪರ್ಕವಿಲ್ಲದ ಯಂತ್ರಗಳನ್ನೂ ಪೆನ್ ಡ್ರೈವ್ ಮೂಲಕ ತಲುಪಬಲ್ಲದ್ದಾಗಿತ್ತು. ಡ್ರೈವ್ ಚುಚ್ಚಿದ ಕೂಡಲೇ ಅದರೊಳಗಿನ ಕಾರ್ಯಕ್ರಮ ತಾನಾಗಿ ಓಡುವ ಆಟೋರನ್ ಸೌಲಭ್ಯವನ್ನು ವಿಂಡೋಸ್ 7ರಿಂದ ಪೆನ್ ಡ್ರೈವ್‌ಗಳಿಗೆ ನಿಲ್ಲಿಸಲಾಗಿದೆ, ಆದರೆ ನಾವೇ ಕ್ಲಿಕ್ ಮಾಡಿ ಬರಮಾಡಿಕೊಳ್ಳುವ ಸೋಂಕಿಗೆ ತಡೆಯಿಲ್ಲ. ಫೋಲ್ಡರ್‌ಗಳನ್ನು ಅಡಗಿಸಿ ಅವುಗಳ ಹೆಸರಿನ ಶಾರ್ಟ್‌ಕಟ್‌ಗಳನ್ನು ಇಡುವ ವೈರಸ್‌ಗಳು ಹೆಚ್ಚಿನವರಿಗೆ ಪರಿಚಿತ. ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ ಕಡತಗಳ ವಿಸ್ತರಣೆ ಮತ್ತು ಅಡಗಿಸಿದ ಕಡತಗಳು ಕಾಣುವಂತೆ ಮಾಡಿಕೊಂಡರೆ ಈ ವೇಷ ಬೇಗ ಬಯಲಾಗುತ್ತದೆ. ಹೊರಗಿನಿಂದ ಮನೆಗೆ ಮರಳಿದ ಡ್ರೈವ್ ಅನ್ನು ತೆರೆಯುವ ಮೊದಲು ಸ್ಕ್ಯಾನ್ ಮಾಡಿಸಿ. ಯಾವುದಾದರೂ ತಂತ್ರಾಂಶಕ್ಕೆ ಸೋಂಕು ತಗಲಿದ ಅನುಮಾನ ಬಂದರೆ ಆ್ಯಪ್ ಫೋಲ್ಡರನ್ನೂ ಅದರ ಪಕ್ಕದಲ್ಲಿ ತಂತ್ರಾಂಶವನ್ನು ತೆರೆಯಲೆಂದು ಇರುವ ಲಾಂಚರ್ ಕಡತವನ್ನೂ ಅಳಿಸಿ, ಶುದ್ಧ ಪ್ರತಿಯನ್ನು ಮರಳಿ ಹಾಕಿ. ಸ್ಕ್ಯಾನ್ ಆದ ಡೇಟಾ ಫೋಲ್ಡರನ್ನು ಉಳಿಸಿಕೊಳ್ಳಬಹುದು.

ಕಚೇರಿ, ವಿದ್ಯಾಸಂಸ್ಥೆಗಳ ಕಂಪ್ಯೂಟರ್‌ಗಳಲ್ಲಿ ಹೊರಗಿನ ತಂತ್ರಾಂಶ ನಡೆಯದಂತೆ ಆ್ಯಪ್‌ಲಾಕರ್‌ನಂಥ ವ್ಯವಸ್ಥೆಯಿಂದ ನಿರ್ಬಂಧಿಸಿರಬಹುದು. ಅದನ್ನು ಜಾಣತನದಿಂದ ದಾಟಲು ಹೋಗದೆ ನಿರ್ವಾಹಕರ ಅನುಮತಿ ಕೇಳಬೇಕು. ತಾಂತ್ರಿಕವಾಗಿ ಸಾಧ್ಯವೆಂಬುದು ಅಲ್ಲಿ ಸಬೂಬಾಗುವುದಿಲ್ಲ.

ಲಿನಕ್ಸ್‌ನಲ್ಲಿ ಇದೇ ಕೆಲಸವನ್ನು ಆ್ಯಪ್‌ಇಮೇಜ್ ಕಡತಗಳು ಮಾಡುತ್ತವೆ. ಒಂದು ತಂತ್ರಾಂಶ ಒಂದೇ ಕಡತದಲ್ಲಿ ಇರುತ್ತದೆ, ಅದಕ್ಕೆ ಚಲಾಯಿಸುವ ಅನುಮತಿ ಕೊಟ್ಟರೆ ಸಾಕು. ಆದರೆ ಆ ಅನುಮತಿಯನ್ನು ಫ್ಯಾಟ್32 ಮತ್ತು ಎಕ್ಸ್‌ಫ್ಯಾಟ್‌ಗಳು ನೆನಪಿಟ್ಟುಕೊಳ್ಳುವುದಿಲ್ಲವಾದ್ದರಿಂದ, ಲಿನಕ್ಸ್‌ಗೆಂದೇ ಮೀಸಲಾದ ಡ್ರೈವ್ ಅನ್ನು ಲಿನಕ್ಸ್‌ನದೇ ವ್ಯವಸ್ಥೆಯಾದ ಇಎಕ್ಸ್‌ಟಿ4ಗೆ ಫಾರ್ಮ್ಯಾಟ್ ಮಾಡುವುದು ಲೇಸು.

ಡ್ರೈವ್ ತೆಗೆಯುವುದು, ಪ್ರತಿ ಇಡುವುದು

ಕೆಲಸ ಮುಗಿದಾಗ ಮೊದಲು ತಂತ್ರಾಂಶಗಳನ್ನೆಲ್ಲ ಮುಚ್ಚಿ, ಕೆಲವು ಕ್ಷಣ ಕಾದು, ಆಮೇಲೆ ಟಾಸ್ಕ್‌ಬಾರ್‌ನ ಮೂಲೆಯಲ್ಲಿರುವ ಇಜೆಕ್ಟ್ ಆಯ್ಕೆಯಿಂದ ಡ್ರೈವ್ ತೆಗೆಯಬೇಕು. ವಿಂಡೋಸ್ 10ರ 1809 ಎಂಬ ಆವೃತ್ತಿಯಿಂದ, ಬರೆಯಬೇಕಾದದ್ದನ್ನು ತಡಮಾಡದೆ ಡ್ರೈವ್‌ಗೆ ಬರೆಯುವ ಕ್ವಿಕ್ ರಿಮೂವಲ್ ಎಂಬ ನೀತಿ ತಾನಾಗಿಯೇ ಅನ್ವಯವಾಗುವುದರಿಂದ ಇಜೆಕ್ಟ್ ಮಾಡದಿದ್ದರೂ ನಡೆಯುತ್ತದೆ ಎನ್ನುವವರಿದ್ದಾರೆ. ಬರೇ ಕಡತ ನಕಲಿಸಿದಾಗ ಆ ಮಾತು ಬಹುಮಟ್ಟಿಗೆ ಸರಿ. ಡ್ರೈವ್‌ನಿಂದಲೇ ತಂತ್ರಾಂಶ ನಡೆಯುತ್ತಿರುವಾಗ ಸರಿಯಲ್ಲ: ಫೈರ್‌ಫಾಕ್ಸ್ ತನ್ನ ಬುಕ್‌ಮಾರ್ಕ್ ಮತ್ತು ಇತಿಹಾಸದ ದತ್ತಸಂಚಯವನ್ನು ತೆರೆದಿಟ್ಟುಕೊಂಡಿರುತ್ತದೆ, ನಡುವೆ ಕಿತ್ತರೆ ಅದು ಕೆಡಬಹುದು. ಸಾಧನ ಬಳಕೆಯಲ್ಲಿದೆ ಎಂಬ ಸಂದೇಶ ಬಂದರೆ ಟಾಸ್ಕ್ ಮ್ಯಾನೇಜರ್ ತೆರೆದು, ಡ್ರೈವ್‌ನ ಯಾವ ತಂತ್ರಾಂಶ ಇನ್ನೂ ಹಿನ್ನೆಲೆಯಲ್ಲಿ ಉಳಿದಿದೆ ಎಂದು ನೋಡಿ ಅದನ್ನು ಮುಗಿಸಿ. ಅದೂ ಸಾಧ್ಯವಾಗದಿದ್ದರೆ ಕಂಪ್ಯೂಟರನ್ನು ಶಟ್‌ಡೌನ್ ಮಾಡಿ ಡ್ರೈವ್ ತೆಗೆಯಿರಿ.

ಫ್ಲ್ಯಾಷ್ ಚಿಪ್‌ನ ಕೋಶಗಳಿಗೆ ಇಂತಿಷ್ಟೇ ಬಾರಿ ಬರೆದು ಅಳಿಸುವ ಆಯುಷ್ಯವಿದೆ, ಮತ್ತು ಸಾಮಾನ್ಯ ಪೆನ್ ಡ್ರೈವ್ ಕೆಡುವ ಮುನ್ನ ಸೂಚನೆ ಕೊಡುವುದು ಅಪರೂಪ. ಅದಕ್ಕಾಗಿ ವಾರಕ್ಕೊಮ್ಮೆಯಾದರೂ ಪೋರ್ಟಬಲ್‌ಆ್ಯಪ್ಸ್ ಫೋಲ್ಡರ್ ಮತ್ತು ಡಾಕ್ಯುಮೆಂಟ್ಸ್ ಫೋಲ್ಡರ್‌ಗಳನ್ನು 7-ಜಿಪ್‌ನಿಂದ ಒಂದೇ ಕಡತವಾಗಿ ಕಟ್ಟಿ, ಹೆಸರಿನಲ್ಲಿ ದಿನಾಂಕ ಸೇರಿಸಿ, ಮನೆಯ ಕಂಪ್ಯೂಟರ್‌ನಲ್ಲಿ ಇಡಿ. ಪಾಸ್‌ವರ್ಡ್‌ಗಳಿರುವ ಪ್ರತಿಯಾದ್ದರಿಂದ ಕಟ್ಟುವಾಗಲೇ ಅದಕ್ಕೊಂದು ಪಾಸ್‌ವರ್ಡ್ ಹಾಕಿ, ಇತ್ತೀಚಿನ ಎರಡು ಮೂರು ಪ್ರತಿಗಳನ್ನು ಉಳಿಸಿಕೊಂಡು ಹಳೆಯವನ್ನು ಅಳಿಸಬಹುದು. ಜಾಗ ಕಡಿಮೆಯಿದ್ದರೆ ಡೇಟಾ ಮತ್ತು ಡಾಕ್ಯುಮೆಂಟ್ಸ್ ಫೋಲ್ಡರ್‌ಗಳನ್ನಷ್ಟೇ ಕಟ್ಟಿದರೂ ಸಾಕು, ಏಕೆಂದರೆ ತಂತ್ರಾಂಶವನ್ನು ಯಾವಾಗ ಬೇಕಾದರೂ ಮತ್ತೆ ಇಳಿಸಿಕೊಳ್ಳಬಹುದು. ಹೊಸ ಡ್ರೈವ್ ಬಂದಾಗ ಮೇಲೆ ಹೇಳಿದಂತೆ ಪರೀಕ್ಷಿಸಿ ಫಾರ್ಮ್ಯಾಟ್ ಮಾಡಿ, ಪ್ಲಾಟ್‌ಫಾರ್ಮ್ ಹಾಕಿ, ಕಟ್ಟಿದ ಕಡತವನ್ನು ಅದೇ ಫೋಲ್ಡರ್ ರಚನೆಯಲ್ಲಿ ಬಿಡಿಸಿ, ಬ್ರೌಸರ್ ಮತ್ತು ಪಾಸ್‌ವರ್ಡ್ ನಿರ್ವಾಹಕ ಎರಡನ್ನೂ ಒಮ್ಮೆ ತೆರೆದು ನೋಡಿದ ಮೇಲೆಯೇ ಹಳೆಯ ಡ್ರೈವ್ ಅನ್ನು ಅಳಿಸಿ.